ಗಾಯ ನೋಡಿ ಸರದಿ ಕೊಟ್ಟ ಡಾಕ್ಟರ್ ಲಾರೆ

ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ಮೊದಲು ಬಂದವರನ್ನು ಕೂರಿಸಿ, ಆಮೇಲೆ ಬಂದವರನ್ನು ಒಳಗೆ ಕರೆದರೆ ಜಗಳವೇ ಆಗಿಬಿಡುತ್ತೆ. ಆದರೆ ಅಲ್ಲಿ ಸರದಿ ಟೋಕನ್ ಪ್ರಕಾರ ಅಲ್ಲ, ಜೀವಕ್ಕೆ ಎಷ್ಟು ಅಪಾಯ ಅನ್ನೋದರ ಪ್ರಕಾರ. ಈ ಪದ್ಧತಿಗೆ ಟ್ರಯಾಜ್ ಅಂತಾರೆ. ಹೆಸರು ಬಳಕೆಗೆ ಬರುವ ಮೊದಲೇ ಇದನ್ನು ಯುದ್ಧಭೂಮಿಯಲ್ಲಿ ನಡೆಸಿ ತೋರಿಸಿದವರು ನೆಪೋಲಿಯನ್ ಸೇನೆಯ ಸರ್ಜನ್ ಡೊಮಿನಿಕ್ ಜಾನ್ ಲಾರೆ.

ಹುಟ್ಟಿದ್ದು 1766ರಲ್ಲಿ, ಫ್ರಾನ್ಸಿನ ಪಿರೆನೀಸ್ ಬೆಟ್ಟಸೀಮೆಯ ಒಂದು ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಟುಲೂಸ್‌ನಲ್ಲಿ ಸರ್ಜನ್ ಆಗಿದ್ದ ತಂದೆಯ ಸಹೋದರನ ಬಳಿ ಕೆಲಸ ಕಲಿತರು.

1792ರಲ್ಲಿ ರೈನ್ ನದಿ ಕಡೆಯ ಸೇನೆಗೆ ಸೇರಿದಾಗ ಅಲ್ಲಿನ ನಿಯಮ ವಿಚಿತ್ರವಾಗಿತ್ತು. ಗಾಯಾಳುಗಳನ್ನು ಸಾಗಿಸುವ ಭಾರದ ಗಾಡಿಗಳು ಮೈಲಿಗಟ್ಟಲೆ ಹಿಂದೆ ನಿಲ್ಲಬೇಕು, ಕಾಳಗ ಮುಗಿದ ಮೇಲೆಯೇ ಮುಂದೆ ಬರಬೇಕು. ಅಷ್ಟರಲ್ಲಿ ಒಂದು ದಿನವೇ ಕಳೆದಿರುತ್ತಿತ್ತು. ರಕ್ತ ಸೋರಿಯೇ ಎಷ್ಟೋ ಜನ ಹೋಗುತ್ತಿದ್ದರು. ಫಿರಂಗಿಗಳನ್ನು ಕುದುರೆ ಕಟ್ಟಿ ಅಷ್ಟು ಬೇಗ ಅತ್ತಿತ್ತ ಒಯ್ಯೋದಾದರೆ ಗಾಯಾಳುಗಳನ್ನು ಯಾಕೆ ಒಯ್ಯಬಾರದು? ಲಾರೆ ಹಗುರವಾದ ಗಾಡಿ ಮಾಡಿಸಿದರು. ಎರಡು ಚಕ್ರದ್ದರಲ್ಲಿ ಇಬ್ಬರು ಮಲಗಬಹುದಿತ್ತು. ಬೆಟ್ಟದ ದಾರಿಗೆ ನಾಲ್ಕು ಚಕ್ರದ್ದು. ಕಾಳಗ ನಡೀತಿರುವಾಗಲೇ ಗಾಯಾಳುವನ್ನು ಎತ್ತಿ, ಅಲ್ಲೇ ಪಟ್ಟಿ ಕಟ್ಟಿ, ಹಿಂದಿನ ಆಸ್ಪತ್ರೆಗೆ ಸಾಗಿಸೋದು. ಇಂದಿನ ಆಂಬುಲೆನ್ಸ್‌ನ ಹಿರಿಯಣ್ಣ ಇದೇ.

ಆದರೆ ಗಾಡಿ ಬೇಗ ಬಂದರೆ ಆಸ್ಪತ್ರೆ ಬಾಗಿಲಲ್ಲಿ ನೂಕುನುಗ್ಗಲು ಹೆಚ್ಚುತ್ತೆ ತಾನೇ? ಅಲ್ಲಿ ಲಾರೆ ಖಡಾಖಂಡಿತ: ಗಾಯ ಹೆಚ್ಚು ಯಾರಿಗೋ ಅವರು ಮೊದಲು. ಅಧಿಕಾರಿಯೋ ಸಿಪಾಯಿಯೋ, ನಮ್ಮವನೋ ಶತ್ರುವೋ, ಕೇಳುವಂತಿಲ್ಲ. ಸಣ್ಣ ಗಾಯದವರು ಕಾಯಬೇಕು. ಪದವಿ ನೋಡಿ ಮಣೆ ಹಾಕುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕೈಕಾಲು ತೆಗೆಯಲೇಬೇಕಿದ್ದರೆ ಮೊದಲ 24 ಗಂಟೆಯಲ್ಲೇ ತೆಗೆಯಬೇಕು ಅನ್ನೋದು ಅವರ ಹಟ. 1812ರಲ್ಲಿ ರಷ್ಯಾದ ಬೊರೊಡಿನೊದಲ್ಲಿ ಒಂದೇ ದಿನಕ್ಕೆ ಸುಮಾರು 200 ಇಂಥ ಆಪರೇಷನ್ ಮಾಡಿದರಂತೆ.

1815ರ ವಾಟರ್‌ಲೂ ಸೋಲಿನಲ್ಲಿ ಪ್ರಷ್ಯನ್ನರ ಕೈಗೆ ಸಿಕ್ಕಿಬಿದ್ದರು. ಗುಂಡಿಕ್ಕಲು ತಯಾರಿಯೂ ಆಗಿತ್ತು. ಅವರ ಪಾಠ ಕೇಳಿದ್ದ ಒಬ್ಬ ಸರ್ಜನ್ ಗುರುತು ಹಿಡಿದ. ಶತ್ರು ಸೇನಾಪತಿ ಬ್ಲೂಖರ್‌ನ ಮಗ ಹಿಂದೆ ಗಾಯಗೊಂಡು ಸೆರೆಸಿಕ್ಕಾಗ ಚಿಕಿತ್ಸೆ ಕೊಟ್ಟವರು ಇದೇ ಲಾರೆ. ಬ್ಲೂಖರ್ ಅವರನ್ನು ಬಿಡುಗಡೆ ಮಾಡಿ ಕಳಿಸಿಕೊಟ್ಟ.

ನೆಪೋಲಿಯನ್ ತನ್ನ ಉಯಿಲಿನಲ್ಲಿ ಲಾರೆಗೆ 1 ಲಕ್ಷ ಫ್ರಾಂಕ್ ಬರೆದಿಟ್ಟ. 76ರ ವಯಸ್ಸಿನಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಅಲ್ಜೀರಿಯಾದ ಸೇನಾ ಆಸ್ಪತ್ರೆಗಳನ್ನು ತಪಾಸಣೆ ಮಾಡಿ ವಾಪಸ್ ಬರುವಾಗ, 1842ರ ಜುಲೈನಲ್ಲಿ, ಲಿಯಾನ್ ನಗರದಲ್ಲಿ ತೀರಿಕೊಂಡರು.