ಅಡ್ರಿನಲಿನ್ ಹಿಂದಿನ ಇಂಜಿನಿಯರ್

ವೈವಾಗೆ ರೋಲ್ ನಂಬರ್ ಕರೆದ ತಕ್ಷಣ ನಮ್ಮ ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ. ಕೇಳಿದರೆ 'ಅಡ್ರಿನಲಿನ್' ಅಂತೀವಿ. ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ತಯಾರಾಗುವ ಈ ಹಾರ್ಮೋನನ್ನು ಮೊದಲು ಶುದ್ಧ ಹರಳಾಗಿ ಹೊರತೆಗೆದು ಪೇಟೆಂಟ್ ಪಡೆದವರು ಡಾಕ್ಟರಲ್ಲ, ನಮ್ಮ ಹಾಗೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಹೆಸರು ಜೋಕಿಚಿ ತಕಾಮಿನೆ.

1854ರಲ್ಲಿ ಜಪಾನಿನ ತಕಾಓಕಾದಲ್ಲಿ ಹುಟ್ಟಿದರು. ತಂದೆ ವೈದ್ಯರು. ತಾಯಿಯ ತವರಿನವರು ಅಕ್ಕಿಯಿಂದ ಸಾಕೆ ಎಂಬ ಮದ್ಯ ಮಾಡುತ್ತಿದ್ದರು. 1879ರಲ್ಲಿ ಟೋಕಿಯೋದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಮುಗಿಸಿ, ಹೆಚ್ಚಿನ ಓದಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದರು.

1890ರಲ್ಲಿ ಸಂಸಾರ ಸಮೇತ ಅಮೆರಿಕಕ್ಕೆ ಹೋದರು. ಮಾಲ್ಟ್ ಬದಲು ಸಾಕೆಗೆ ಹಾಕುವ ಕೋಜಿ ಬೂಷ್ಟಿನಿಂದ ವಿಸ್ಕಿ ಮಾಡುವುದು ಅವರ ಪ್ಲಾನ್. ಇದರಿಂದ ಮಾಲ್ಟ್ ವ್ಯಾಪಾರದವರಿಗೆ ಹೊಟ್ಟೆಪಾಡಿನ ಭಯ. 1891ರಲ್ಲಿ ಪಿಯೋರಿಯಾ ಊರಿನಲ್ಲಿದ್ದ ಘಟಕ ಬೆಂಕಿಗೆ ಸಿಕ್ಕಿತು. ಕೊನೆಗೆ ವಿಸ್ಕಿ ಯೋಜನೆ ಕೈಗೂಡಲಿಲ್ಲ. ಆದರೆ ತಕಾಮಿನೆ ಅದೇ ಬೂಷ್ಟಿನಿಂದ ಪಿಷ್ಟ ಕರಗಿಸುವ ಎನ್‌ಜೈಮ್ ತೆಗೆದು 1894ರಲ್ಲಿ ಪೇಟೆಂಟ್ ಪಡೆದರು. ಪಾರ್ಕ್-ಡೇವಿಸ್ ಕಂಪನಿ ಅದನ್ನು ಅಜೀರ್ಣದ ಔಷಧಿಯಾಗಿ ಮಾರಿತು.

ಅಡ್ರಿನಲ್ ಗ್ರಂಥಿಯ ರಸ ರಕ್ತದೊತ್ತಡ ಏರಿಸುತ್ತೆ ಅನ್ನುವುದು ಆಗಲೇ ಗೊತ್ತಿತ್ತು. ಅದರೊಳಗಿನ ಅಸಲಿ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸುವುದೇ ಕಷ್ಟವಾಗಿತ್ತು. 1900ರಲ್ಲಿ ನ್ಯೂಯಾರ್ಕ್‌ನಲ್ಲಿದ್ದ ತಕಾಮಿನೆಯವರ ಪುಟ್ಟ ಲ್ಯಾಬಿಗೆ ಕೇಜೋ ಉಎನಾಕಾ ಎಂಬ ಯುವ ಸಹಾಯಕ ಬಂದರು. ಪ್ರಾಣಿಗಳ ಗ್ರಂಥಿಯಿಂದ ಅದೇ ಬೇಸಿಗೆಯಲ್ಲಿ ಹರಳು ಬಂತು.

ಇವತ್ತಿನ ಸಂಶೋಧಕರು ಗ್ರಂಥಿಯ ಒಳಭಾಗದ ಕ್ರೋಮಾಫಿನ್ ಜೀವಕೋಶಗಳನ್ನೇ ಒಂದೊಂದಾಗಿ ಪರೀಕ್ಷಿಸುತ್ತಾರೆ. ಅಡ್ರಿನಲಿನ್ ಅಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಕೊಂಡಿರುತ್ತೆ. ನರದಿಂದ ಸಿಗ್ನಲ್ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಚೀಲಗಳು ಕೋಶದ ಪೊರೆಗೆ ಅಂಟಿ ಬಾಯಿಬಿಡುತ್ತವೆ, ಹಾರ್ಮೋನ್ ರಕ್ತಕ್ಕೆ ಸೇರುತ್ತೆ. ತೀವ್ರ ಅಲರ್ಜಿಯಾದಾಗ ಜೀವ ಉಳಿಸಲು ಕೊಡುವ ಇಂಜೆಕ್ಷನ್ನಿನಲ್ಲಿ ಇರುವುದೂ ಇದೇ.

ಪೇಟೆಂಟ್ ಮಾತ್ರ ತಕಾಮಿನೆ ಒಬ್ಬರ ಹೆಸರಿನಲ್ಲಿ ಬಂತು. ಅವರು ಶ್ರೀಮಂತರಾದರು, ವಾಷಿಂಗ್ಟನ್ನಿಗೆ ಜಪಾನಿನ ಚೆರ್ರಿ ಗಿಡಗಳು ಬರುವುದಕ್ಕೂ ನೆರವಾದರು, 1922ರಲ್ಲಿ ತೀರಿಕೊಂಡರು. ಹರಳು ಬರುವ ತನಕದ ಪ್ರಯೋಗಗಳಲ್ಲಿ ಉಎನಾಕಾ ಅವರ ಕೈ ಎಷ್ಟಿತ್ತು ಅನ್ನುವುದು ನಮಗೆ ಇವತ್ತು ಗೊತ್ತಿರುವುದು ಅವರು ಬರೆದಿಟ್ಟ ಲ್ಯಾಬ್ ನೋಟ್‌ಬುಕ್ ಉಳಿದಿದ್ದರಿಂದ.

ನಾವೋ, ರೆಕಾರ್ಡ್ ಬುಕ್ಕನ್ನು ಸಬ್‌ಮಿಶನ್ನಿನ ಹಿಂದಿನ ರಾತ್ರಿ ಫ್ರೆಂಡ್ ಹತ್ತಿರ ತಂದು ಕಾಪಿ ಹೊಡೆಯುವವರು!