ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಮತ್ತು ಹಾರದ ವಿಮಾನದ ನಕ್ಷೆ

ರುಕ್ಮ ವಿಮಾನದ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಬುಡ ಅಗಲ, ಮೇಲಕ್ಕೆ ಹೋದಂತೆ ಕಿರಿದಾಗುವ ಗೋಪುರದಂಥ ಆಕಾರ, ಒಳಗೆ ಅಂತಸ್ತುಗಳು. ಪಕ್ಕದಲ್ಲಿ ಭರದ್ವಾಜ ಮಹರ್ಷಿಗಳ ಹೆಸರು, ಸಾವಿರಾರು ವರ್ಷ ಹಳೆಯದು ಎಂಬ ಒಕ್ಕಣೆ. ಚಿತ್ರ ಅಷ್ಟು ಹಳೆಯದಲ್ಲ. ಅದನ್ನು 1923ರಲ್ಲಿ ಬರೆದವರು ಟಿ.ಕೆ. ಎಲ್ಲಪ್ಪ. ಅವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದರು. ಹೀಗೆ ಹೀಗೆ ಇರಬೇಕು ಎಂದು ಹೇಳಿ ಬರೆಸಿದವರು ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು.

ಚಿತ್ರ ಊರೂರು ಸುತ್ತಿದೆ. ಬರೆಸಿದವರ ಬದುಕು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಶಾಸ್ತ್ರಿಗಳು ಹುಟ್ಟಿದ್ದು 1866ರಲ್ಲಿ, ಆನೇಕಲ್‌ಗೆ ಹತ್ತಿರವೇ ಇರುವ ಹೊಸೂರು ಸೀಮೆಯ ಒಂದು ಹಳ್ಳಿಯಲ್ಲಿ. ತಮ್ಮ ಆತ್ಮಕಥನವನ್ನೂ ಅವರು ಹೇಳಿ ಬರೆಸಿದ್ದಾರೆ. ಅದರ ಪ್ರಕಾರ ಎಂಟನೇ ವಯಸ್ಸಿಗೆ ಮದುವೆ, ಸ್ವಲ್ಪ ಕಾಲದಲ್ಲೇ ತಂದೆ ತಾಯಿಯ ಸಾವು, ಮನೆಯಲ್ಲಿ ಕಡು ಬಡತನ. ಸಿಡುಬು ಆ ಮನೆಯನ್ನೂ ಬಿಡಲಿಲ್ಲ. ಮೈಗೆ ರೋಗ ಹತ್ತಿದ ಹುಡುಗ ಭಿಕ್ಷೆ ಬೇಡುತ್ತಾ ಊರೂರು ಅಲೆದು, ಕೊನೆಗೆ ಕೋಲಾರದ ಕಡೆಯ ಆವಣಿಗೆ ಬಂದ. ಅಲ್ಲಿ ಒಬ್ಬ ಸಾಧುಗಳು ಸಿಕ್ಕರಂತೆ. ಅವರು ಕಾಯಿಲೆ ವಾಸಿ ಮಾಡಿದ್ದಲ್ಲದೆ ಹಲವು ಶಾಸ್ತ್ರಗಳನ್ನೂ ಉಪದೇಶಿಸಿದರು, ವಿಮಾನ ಶಾಸ್ತ್ರ ಅವುಗಳಲ್ಲಿ ಒಂದು ಎಂದು ಶಾಸ್ತ್ರಿಗಳು ಹೇಳಿಕೊಂಡಿದ್ದಾರೆ.

ಇದರಲ್ಲಿ ಎಷ್ಟನ್ನು ನಂಬುವುದು ಎಂದು ನೀವು ಕೇಳಬಹುದು. ಬಡತನ, ಸಿಡುಬು, ಅಲೆದಾಟ ಇವನ್ನು ಅನುಮಾನಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಆ ಕಾಲದ ಎಷ್ಟೋ ಮನೆಗಳ ಕತೆ ಅದೇ. ಉಪದೇಶದ ವಿಷಯ ಬೇರೆ. ಶ್ಲೋಕಗಳು ಯಾವುದೋ ಓಲೆಗರಿಯಿಂದ ಬಂದವಲ್ಲ, ಶಾಸ್ತ್ರಿಗಳ ಮನಸ್ಸಿಗೆ ಹೊಳೆದು ಬಂದವು ಎಂಬುದನ್ನು ಗ್ರಂಥವನ್ನು ಮೆಚ್ಚುವವರೇ ಒಪ್ಪುತ್ತಾರೆ. ಹಾಗಾಗಿ ಹಳೆಯ ಪ್ರತಿ ತೋರಿಸಿ ಎಂದು ಕೇಳಿದರೆ ತೋರಿಸಲು ಏನೂ ಇಲ್ಲ.

ಮುಂದೆ ಅವರು ಆನೇಕಲ್‌ನಲ್ಲಿ ನೆಲೆಸಿದರು. 1918ರಲ್ಲಿ ಜಿ. ವೆಂಕಟಾಚಲ ಶರ್ಮ ಎಂಬುವರನ್ನು ಎದುರಿಗೆ ಕೂರಿಸಿಕೊಂಡು ವೈಮಾನಿಕ ಶಾಸ್ತ್ರವನ್ನು ಹೇಳತೊಡಗಿದರು. ಶಾಸ್ತ್ರಿಗಳು ಹೇಳುವುದು, ಶರ್ಮರು ಬರೆದುಕೊಳ್ಳುವುದು. ಇದು ಮುಗಿದದ್ದು 1923ರಲ್ಲಿ. ವಿಮಾನ ನಡೆಸುವವನು ತಿಳಿದಿರಬೇಕಾದ 32 ರಹಸ್ಯಗಳು, ಅವನು ಯಾವ ಋತುವಿನಲ್ಲಿ ಏನು ತಿನ್ನಬೇಕು, ಯಾವ ಬಟ್ಟೆ ಉಡಬೇಕು, ಯಾವ ಲೋಹ, ಯಾವ ಕನ್ನಡಿ ಎಲ್ಲವೂ ಅದರಲ್ಲಿದೆ. ಓದುವುದಕ್ಕೆ ನಿಜಕ್ಕೂ ಮಜವಾಗಿದೆ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ನಕ್ಷೆಗಳನ್ನು ಎಲ್ಲಪ್ಪನವರಿಂದ ಬರೆಸಿದರು.

ಮುಂಬೈಯ ಮಾದರಿಗಳು

ಇಲ್ಲಿ ಶಿವಕರ ಬಾಪೂಜಿ ತಳಪಡೆ ಬರುತ್ತಾರೆ. 1864ರಲ್ಲಿ ಹುಟ್ಟಿದ ಇವರು ಮುಂಬೈನವರು, ಅಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. 1895ರಲ್ಲಿ ಚೌಪಾಟಿ ಕಡಲ ತೀರದಲ್ಲಿ ಅವರ ಮರುತ್ಸಖ ಎಂಬ ಆಳಿಲ್ಲದ ವಿಮಾನ 1,500 ಅಡಿ ಏರಿತು, ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲು, ಅದೂ ಸುಬ್ಬರಾಯ ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಎಂಬ ಕತೆ ನಿಮಗೆ ಗೊತ್ತಿರಬಹುದು. 2015ರಲ್ಲಿ ಇದರ ಮೇಲೆ ಒಂದು ಹಿಂದಿ ಸಿನಿಮಾ ಬಂತು. ಅದೇ ವರ್ಷ ಮುಂಬೈಯಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಪ್ರಾಚೀನ ವಿಮಾನಗಳ ಕುರಿತ ಭಾಷಣವೂ ನಡೆದು ದೊಡ್ಡ ಗಲಾಟೆಯಾಯಿತು.

ಚೌಪಾಟಿಯ ಹಾರಾಟಕ್ಕೆ ಗಟ್ಟಿ ದಾಖಲೆ ಈವರೆಗೆ ಸಿಕ್ಕಿಲ್ಲ. ವರ್ಷಗಳನ್ನೂ ಒಮ್ಮೆ ಜೋಡಿಸಿ ನೋಡಿ. ತಳಪಡೆ ತೀರಿಕೊಂಡದ್ದು 1916ರಲ್ಲಿ. ಗ್ರಂಥ ಬರಹಕ್ಕೆ ಇಳಿಯತೊಡಗಿದ್ದು 1918ರಲ್ಲಿ, ನಕ್ಷೆ ಬಂದದ್ದು 1923ರಲ್ಲಿ. ಅಂದರೆ ಈಗ ನಾವು ನೋಡುವ ನಕ್ಷೆಯಿಂದ ತಳಪಡೆ ಏನನ್ನೂ ಕಟ್ಟಿರಲು ಸಾಧ್ಯವಿಲ್ಲ.

ಆದರೂ ಶಾಸ್ತ್ರಿಗಳಿಗೂ ತಳಪಡೆಗೂ ನಂಟಿದ್ದದ್ದು ನಿಜವಿರಬೇಕು. ಹಾಗೆ ಹೇಳಿದವರು ಸ್ವತಃ ವೆಂಕಟಾಚಲ ಶರ್ಮರು. ಶಾಸ್ತ್ರಿಗಳ ಸಲಹೆಯಂತೆ ತಳಪಡೆ ಮಾದರಿ ವಿಮಾನಗಳನ್ನು ಮಾಡಿದ್ದರು, ಅವು ಹಾರಲಿಲ್ಲ ಎಂಬುದು ಶರ್ಮರ ಮಾತಿನ ಸಾರ. ಶಾಸ್ತ್ರಿಗಳ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಬರೆದುಕೊಂಡವರೇ ಇದನ್ನು ಹೇಳಿದ್ದರಿಂದ, ಇಡೀ ಕತೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಸಾಕ್ಷ್ಯ ಇದು.

ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಶುರುವಾದ ಸಮಯದಲ್ಲಿ ಉಳವಿಯ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ರುಕ್ಮ ವಿಮಾನ ಬಂದಿಳಿಯಿತು. ಕಳಿಸಿದ ಚಿಕ್ಕಪ್ಪನ ಪ್ರಶ್ನೆ ನ್ಯಾಯವಾಗಿಯೇ ಇತ್ತು: ನಕ್ಷೆ ಇದೆಯಲ್ಲ, ಈಗಿನ ಹುಡುಗರು ರಿಮೋಟ್ ವಿಮಾನ ಮಾಡುತ್ತಾರಲ್ಲ, ಒಂದು ಮಾಡಿ ಹಾರಿಸಿ ನೋಡಿದರೆ ಆಯಿತಪ್ಪ, ವಾದ ಯಾಕೆ?

ನಕ್ಷೆಯಿಂದ ರಿಮೋಟ್ ವಿಮಾನಕ್ಕೆ

ಹಳೆಯ ವಿಮಾನಗಳ ದೊಡ್ಡ ರಿಮೋಟ್ ಮಾದರಿ ಕಟ್ಟುವ ಹವ್ಯಾಸಿಗಳು ಜಗತ್ತಿನ ತುಂಬ ಇದ್ದಾರೆ. ಅವರು ಏನು ಮಾಡುತ್ತಾರೆ ಎಂಬುದನ್ನು ಬೆಂಗಳೂರಿನದೇ ಒಂದು ವಿಮಾನದ ಲೆಕ್ಕದಲ್ಲಿ ನೋಡೋಣ. ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೂಪಿಸಿತು. ಅದು ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ 10.72 ಮೀಟರ್, ಹೊರೆ ಸಮೇತ ತೂಕ ಸುಮಾರು 1,016 ಕೆ.ಜಿ., ಎಂಜಿನ್ 155 ಎಚ್‌ಪಿ.

ಇದನ್ನು ಕಾಲು ಅಳತೆಯಲ್ಲಿ ಮಾಡಿದರೆ ರೆಕ್ಕೆ 2.68 ಮೀಟರ್. ತೂಕವೂ ಕಾಲು ಭಾಗವಾಗುತ್ತದೆ ಅಂದುಕೊಂಡರೆ ತಪ್ಪು. ಉದ್ದ, ಅಗಲ, ಎತ್ತರ ಮೂರೂ ಕಾಲಾಗುವುದರಿಂದ ತೂಕ 64ರಲ್ಲಿ ಒಂದು ಪಾಲಾಗುತ್ತದೆ, ಅಂದರೆ 16 ಕೆ.ಜಿ. ರೆಕ್ಕೆಯ ವಿಸ್ತೀರ್ಣ ಇಳಿಯುವುದು 16ರಲ್ಲಿ ಒಂದು ಪಾಲಿಗೆ ಮಾತ್ರ. ಹೀಗಾಗಿ ಚಿಕ್ಕ ವಿಮಾನದ ರೆಕ್ಕೆಯ ಮೇಲೆ ಬೀಳುವ ಭಾರ ದೊಡ್ಡದರದ್ದಕ್ಕಿಂತ ಕಡಿಮೆ. ಬೇಕಾದ ಶಕ್ತಿಯಂತೂ ಇನ್ನೂ ಬೇಗ ಇಳಿಯುತ್ತದೆ. ಬರೀ ಲೆಕ್ಕದ ಪ್ರಕಾರ 128ರಲ್ಲಿ ಒಂದು ಪಾಲು, ಹತ್ತಿರ ಹತ್ತಿರ ಒಂದೂಕಾಲು ಎಚ್‌ಪಿ. ಚಿಕ್ಕ ರೆಕ್ಕೆಗೆ ಗಾಳಿಯ ತಡೆ ಹೆಚ್ಚು ಕಾಡುವುದರಿಂದ ಕಟ್ಟುವವರು ಇದಕ್ಕಿಂತ ಜೋರಾದ ಎಂಜಿನ್ನನ್ನೇ ಹಾಕುತ್ತಾರೆ.

ಆಮೇಲೆ ಕೈಕೆಲಸ. ಬಾಲ್ಸಾ ಮರ ಮತ್ತು ತೆಳು ಪ್ಲೈವುಡ್‌ನಲ್ಲಿ ರೆಕ್ಕೆಯ ಪಕ್ಕೆಲುಬುಗಳನ್ನು ಕತ್ತರಿಸಿ, ಉದ್ದದ ಪಟ್ಟಿಗಳಿಗೆ ಪೋಣಿಸಿ, ಮೇಲೆ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಬಿಗಿದು ಹೊದಿಸಬೇಕು. ಬಾಲದ ಪಟ್ಟಿಗಳನ್ನು ತಿರುಗಿಸಲು ಸರ್ವೋ ಎಂಬ ಪುಟ್ಟ ಮೋಟಾರುಗಳು, ರೇಡಿಯೋ ಸಂಕೇತ ಹಿಡಿಯಲು ರಿಸೀವರ್. ಎಲ್ಲ ಮುಗಿದ ಮೇಲೆ ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳಿನಲ್ಲಿ ಎತ್ತಿ ಹಿಡಿದು ತೂಕದ ಕೇಂದ್ರ ಎಲ್ಲಿದೆ ಎಂದು ನೋಡುತ್ತಾರೆ; ದೊಡ್ಡದಾದರೆ ಅದಕ್ಕೆ ಒಂದು ಚೌಕಟ್ಟು ಬೇಕು. ಸಾಮಾನ್ಯವಾಗಿ ಅದು ರೆಕ್ಕೆಯ ಮುಂಚೂಣಿಯಿಂದ ರೆಕ್ಕೆಯ ಅಗಲದ ಕಾಲು ಭಾಗದಷ್ಟು ಹಿಂದೆ ಇರಬೇಕು. ತೀರಾ ಹಿಂದಕ್ಕೆ ಸರಿದರೆ ಎಷ್ಟು ಚಂದದ ವಿಮಾನವಾದರೂ ಮೂಗೆತ್ತಿ ಬೀಳುತ್ತದೆ.

ಎಲ್ಲಪ್ಪನವರ ನಕ್ಷೆಯನ್ನು ಈ ಬಡಗಿ ಮೇಜಿನ ಮೇಲೆ ಹರಡಿ. ಶಕುನಕ್ಕೆ ಹಕ್ಕಿಯಂತೆ ಬಡಿಯುವ ರೆಕ್ಕೆ, ಬಾಲ, ಹೊಗೆ ಬಿಡುವ ಕೊಳವೆ ಎಲ್ಲ ಇವೆ. ಗಾಳಿಯನ್ನು ಸೀಳಿ ಹೋಗುವ ಮೈ ಇಲ್ಲ, ಅಷ್ಟು ಭಾರ ಎತ್ತುವ ರೆಕ್ಕೆ ಇಲ್ಲ. ರುಕ್ಮದ್ದು ಕೊಂಚ ಕುತೂಹಲದ ಸಂಗತಿ. ಮೇಲಿನಿಂದ ಗಾಳಿ ಎಳೆದು ಉದ್ದ ಕೊಳವೆಗಳ ಮೂಲಕ ಕೆಳಕ್ಕೆ ತಳ್ಳುವ ಫ್ಯಾನುಗಳು ಅದರಲ್ಲಿವೆ. ಕಲ್ಪನೆ ಅಸಂಬದ್ಧವೇನಲ್ಲ. ಇವತ್ತಿನ ಡ್ರೋನ್ ಮೋಟಾರು, ಲಿಥಿಯಂ ಬ್ಯಾಟರಿ ತುರುಕಿ ಥರ್ಮೋಕೋಲಿನಲ್ಲಿ ಗೇಣುದ್ದದ ರುಕ್ಮ ಮಾಡಿದರೆ ಅದು ನೆಲ ಬಿಟ್ಟು ಏಳಲೂಬಹುದು.

ಹಾಗೆ ಎದ್ದರೂ ಗೆಲುವು ಮೋಟಾರಿನದು, ನಕ್ಷೆಯದಲ್ಲ. ಮೇಲಿನ ಲೆಕ್ಕವನ್ನು ತಿರುವು ಮುರುವು ಮಾಡಿ: ಮಾದರಿಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ತೂಕ 64 ಪಟ್ಟು, ಅದನ್ನು ಎತ್ತಿ ಹಿಡಿಯುವ ಶಕ್ತಿ 128 ಪಟ್ಟು ಬೇಕು. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿಗೆ ಹಿಗ್ಗಿಸುವಿಕೆಯ ಕಷ್ಟ ಚೆನ್ನಾಗಿ ತಟ್ಟಿತು. 1896ರ ಮೇ 6ರಂದು ಅವರ ಆಳಿಲ್ಲದ ಉಗಿ ವಿಮಾನ, ರೆಕ್ಕೆ ಸುಮಾರು ನಾಲ್ಕು ಮೀಟರ್, ಪೊಟೊಮ್ಯಾಕ್ ನದಿಯ ಮೇಲೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹಾರಿತು. 1903ರಲ್ಲಿ ಪೆಟ್ರೋಲಿನ ಕಾಲು ಅಳತೆಯ ಮಾದರಿಯೂ ಹಾರಿತು. ಅದೇ ವರ್ಷ ಆಳು ಕೂತ ಪೂರ್ಣ ಗಾತ್ರದ ವಿಮಾನ ಎರಡು ಸಲ ನದಿಗೆ ಬಿತ್ತು. ಎರಡನೇ ಸಲ ಬಿದ್ದದ್ದು ಡಿಸೆಂಬರ್ 8ಕ್ಕೆ, ರೈಟ್ ಸಹೋದರರು ಹಾರುವುದಕ್ಕೆ ಒಂಬತ್ತು ದಿನ ಮೊದಲು. ತಳಪಡೆಯದ್ದಕ್ಕೂ ಇದಕ್ಕೂ ವ್ಯತ್ಯಾಸ ಏನೆಂದರೆ, ಲ್ಯಾಂಗ್ಲಿಯ ಹಾರಾಟಕ್ಕೂ ಬೀಳಾಟಕ್ಕೂ ಫೋಟೋ, ಅಳತೆ, ಸಾಕ್ಷಿಗಳು ಎಲ್ಲ ಇವೆ.

ಶಾಸ್ತ್ರಿಗಳ ಗ್ರಂಥವನ್ನು ಹೀಗೆ ಅಳತೆಪಟ್ಟಿ ಹಿಡಿದು ಪರೀಕ್ಷಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು. 1974ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ನಾಲ್ಕರಲ್ಲಿ ಯಾವ ವಿಮಾನಕ್ಕೂ ಹಾರುವ ಗುಣವಿಲ್ಲ, ಭಾಷೆ ವೇದಕಾಲದ್ದಲ್ಲ, ಸರಳವಾದ ಈಚಿನ ಸಂಸ್ಕೃತ, ಗ್ರಂಥ 1904ಕ್ಕಿಂತ ಹಿಂದಿನದಿರಲಾರದು ಎಂದು ಅವರು ತೀರ್ಮಾನಿಸಿದರು. ಅವರು ದೂರದಿಂದ ನಕ್ಕು ಸುಮ್ಮನಾಗಲಿಲ್ಲ. ಗ್ರಂಥವನ್ನು ಓದಿದರು, ಭೌತಶಾಸ್ತ್ರದ ಲೆಕ್ಕ ಹಾಕಿದರು, ವೆಂಕಟಾಚಲ ಶರ್ಮರನ್ನು ಮಾತಾಡಿಸಿದರು. ಮಾದರಿಗಳು ಹಾರಲಿಲ್ಲ ಎಂಬ ಸಂಗತಿ ನಮಗೆ ಸಿಕ್ಕಿದ್ದು ಅಲ್ಲಿಂದಲೇ.

ಸುಬ್ಬರಾಯ ಶಾಸ್ತ್ರಿಗಳನ್ನು ಮೋಸಗಾರ ಎಂದು ಕರೆಯಲು ನನಗೆ ಮನಸ್ಸಿಲ್ಲ. ಶ್ಲೋಕ ಹೊಳೆಯಿತು ಎಂದು ನಂಬುವುದು ಬೇರೆ, ಸುಳ್ಳೆಂದು ಗೊತ್ತಿದ್ದೂ ಮಾರುವುದು ಬೇರೆ. ಪತ್ರಿಕೆಗಳಲ್ಲಿ ವಿಮಾನದ ಸುದ್ದಿ ದಿನವೂ ಬರುತ್ತಿದ್ದ ಕಾಲ ಅದು, ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕುತ್ತಿದ್ದ ಕಾಲ. ಸಂಸ್ಕೃತ ಬಲ್ಲ, ಪರರ ಆಳ್ವಿಕೆಯ ಕೆಳಗೆ ಬದುಕಿದ್ದ ಒಬ್ಬರ ಮನಸ್ಸಿನಲ್ಲಿ ಆ ಯಂತ್ರಗಳು ಶ್ಲೋಕದ ರೂಪ ತಾಳಿದ್ದರೆ ಆಶ್ಚರ್ಯವೇನಿಲ್ಲ. ಸಾವಿರಾರು ವರ್ಷದ ಮುದ್ರೆಯೊತ್ತಿ ಈಗಲೂ ಹಂಚುತ್ತಿರುವವರಿಗೆ ಮಾತ್ರ ಇಂಥ ವಿನಾಯಿತಿ ಕೊಡುವುದು ಕಷ್ಟ; 1974ರ ವರದಿ ಅವರ ಕೈಗೆಟುಕುವ ಹಾಗೇ ಇದೆ.

ಶಾಸ್ತ್ರಿಗಳು 1940ರಲ್ಲಿ ತೀರಿಕೊಂಡರು. ಗ್ರಂಥ ಹಿಂದಿ ಅನುವಾದದೊಡನೆ ಅಚ್ಚಾಗಿದ್ದು 1959ರಲ್ಲಿ. ಮೈಸೂರಿನ ಜಿ.ಆರ್. ಜೋಸ್ಯರ್ ಇಂಗ್ಲಿಷ್ ಅನುವಾದದೊಡನೆ, ಎಲ್ಲಪ್ಪನವರ ಚಿತ್ರಗಳ ಸಮೇತ ಹೊರತಂದದ್ದು 1973ರಲ್ಲಿ. ಜಗತ್ತು ಸುತ್ತಿದ್ದು ಆ ಪುಸ್ತಕ. ಅವರು ತೀರಿಕೊಂಡ ವರ್ಷದ ಡಿಸೆಂಬರ್‌ನಲ್ಲೇ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಆನೇಕಲ್‌ನಿಂದ ಅಲ್ಲಿಗೆ ನಲವತ್ತು ಕಿಲೋಮೀಟರಿನೊಳಗಿನ ದಾರಿ. ಮರುವರ್ಷ, 1941ರಲ್ಲಿ, ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರ್ಲೋ ಆಕಾಶಕ್ಕೇರಿತು.