ಕಿತ್ತಳೆ ಬಣ್ಣದ ಟಾನ್ಸಿಲ್ ಮತ್ತು ನಮ್ಮನೆ ಲ್ಯಾಬ್ ರಿಪೋರ್ಟು

ಈ ಸಲ ರಜೆಗೆ ಊರಿಗೆ ಹೋದಾಗ ಅಪ್ಪನದೋ ಅಜ್ಜಿಯದೋ ಲಿಪಿಡ್ ಪ್ರೊಫೈಲ್ ರಿಪೋರ್ಟ್ ಸಿಕ್ಕರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಎಲ್‌ಡಿಎಲ್ ಅಂತ ಒಂದು ಸಾಲು ಇರುತ್ತೆ. ಎಷ್ಟೋ ಲ್ಯಾಬ್‌ಗಳಲ್ಲಿ ಆ ಸಂಖ್ಯೆಯನ್ನು ನೇರವಾಗಿ ಅಳೆದಿರುವುದಿಲ್ಲ, ಲೆಕ್ಕ ಹಾಕಿರುತ್ತಾರೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಬೇಕು, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಬೇಕು. ಒಟ್ಟು 200, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ಉತ್ತರ 130. ಪ್ರೈಮರಿ ಸ್ಕೂಲ್ ಗಣಿತ, ಅಷ್ಟೇ! 1972ರಲ್ಲಿ ಈ ಸೂತ್ರ ಕೊಟ್ಟ ಮೂವರಲ್ಲಿ ಒಬ್ಬರು ಡೊನಾಲ್ಡ್ ಫ್ರೆಡ್ರಿಕ್ಸನ್.

ಅವರು ಹುಟ್ಟಿದ್ದು 1924ರಲ್ಲಿ, ಅಮೆರಿಕದ ಕೊಲರಾಡೋ ರಾಜ್ಯದ ಕ್ಯಾನ್ಯನ್ ಸಿಟಿಯಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಬಾಸ್ಟನ್‌ನಲ್ಲಿ ತರಬೇತಿ ಪಡೆದು, 1953ರಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಹೃದಯ ಸಂಸ್ಥೆಗೆ ಸೇರಿದರು. ಆಗ ಸಾಮಾನ್ಯವಾಗಿ ವೈದ್ಯರ ಕೈಗೆ ಸಿಗುತ್ತಿದ್ದದ್ದು ಒಟ್ಟು ಕೊಲೆಸ್ಟ್ರಾಲ್ ಎಂಬ ಒಂದೇ ಅಂಕಿ. ಆದರೆ ಎಣ್ಣೆ ನೀರಲ್ಲಿ ಬೆರೆಯಲ್ಲ ಅಲ್ವಾ? ಅದಕ್ಕೇ ನಮ್ಮ ದೇಹ ಕೊಬ್ಬನ್ನು ಪ್ರೋಟೀನಿನ ಜೊತೆ ಕಟ್ಟಿ ರಕ್ತದಲ್ಲಿ ಸಾಗಿಸುತ್ತೆ. ಆ ಪೊಟ್ಟಣಗಳೇ ಲಿಪೋಪ್ರೋಟೀನ್‌ಗಳು. ಹೈವೇಯಲ್ಲಿ ಒಟ್ಟು ಎಷ್ಟು ಟನ್ ಸರಕು ಓಡಾಡುತ್ತಿದೆ ಅಂತ ತಿಳಿದರೆ ಸಾಲದು. ಯಾವ ಲಾರಿಯಲ್ಲಿದೆ, ಎಲ್ಲಿ ಇಳಿಯುತ್ತಿದೆ ಅಂತಲೂ ತಿಳಿಯಬೇಕು. ಫ್ರೆಡ್ರಿಕ್ಸನ್ ಹಿಂದೆ ಬಿದ್ದದ್ದು ಆ ಲಾರಿಗಳನ್ನು.

1960ರ ಸುಮಾರಿಗೆ ಅವರ ಮುಂದೆ ಒಂದು ವಿಚಿತ್ರ ಕೇಸ್ ಬಂತು. ವರ್ಜೀನಿಯಾದ ಚೆಸಪೀಕ್ ಕೊಲ್ಲಿಯಲ್ಲಿರುವ ಟ್ಯಾಂಜಿಯರ್ ಎಂಬ ಪುಟ್ಟ ದ್ವೀಪದ ಹುಡುಗ. ವಯಸ್ಸು 5. ಟಾನ್ಸಿಲ್‌ಗಳು ಊದಿಕೊಂಡು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು, ಅವುಗಳ ತುಂಬ ಕೊಲೆಸ್ಟ್ರಾಲ್. ರಕ್ತದಲ್ಲೂ ಅದು ತುಂಬಿ ತುಳುಕುತ್ತಿರಬೇಕು ಅಂತ ನಾವಾದರೆ ಊಹಿಸುತ್ತಿದ್ದೆವು. ಆದರೆ ರಕ್ತದಲ್ಲಿ ಅದು ತೀರಾ ಕಡಿಮೆ. ಎಚ್‌ಡಿಎಲ್ ಅಂತೂ ಇಲ್ಲವೇ ಇಲ್ಲ ಎನ್ನುವಷ್ಟು. ಫ್ರೆಡ್ರಿಕ್ಸನ್ ಆ ದ್ವೀಪಕ್ಕೇ ಹೋದರು. ಹುಡುಗನ ಅಕ್ಕನಲ್ಲೂ ಅದೇ ಲಕ್ಷಣ! ತಂದೆತಾಯಿಗೆ ಕಾಯಿಲೆ ಇರಲಿಲ್ಲ, ಆದರೆ ಅವರ ಎಚ್‌ಡಿಎಲ್ ಕೂಡ ಕಡಿಮೆಯೇ ಇತ್ತು. ಅಂದರೆ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಮಕ್ಕಳಿಗೆ ಬಂದಿತ್ತು. 1961ರಲ್ಲಿ ಪ್ರಕಟವಾದ ಈ ಕಾಯಿಲೆಗೆ ದ್ವೀಪದ ಹೆಸರೇ ಉಳಿಯಿತು. ಜೀವಕೋಶದಿಂದ ಕೊಲೆಸ್ಟ್ರಾಲ್ ಹೊರಹಾಕುವ ಒಂದು ಪಂಪ್ ಕೆಟ್ಟಿರುತ್ತದೆ ಅಂತ, ಅದರ ಜೀನ್ ಸಮೇತ ಪತ್ತೆಯಾಗಿದ್ದು 1999ರಲ್ಲಿ. ಅದನ್ನು ನೋಡಲು ಫ್ರೆಡ್ರಿಕ್ಸನ್ ಬದುಕಿದ್ದರು.

1967ರಲ್ಲಿ ಅವರು ರಾಬರ್ಟ್ ಲೀವೈ ಮತ್ತು ರಾಬರ್ಟ್ ಲೀಸ್ ಜೊತೆ ಸೇರಿ ರಕ್ತದ ಕೊಬ್ಬಿನ ದೋಷಗಳನ್ನು 5 ಬಗೆಗಳಾಗಿ ವಿಂಗಡಿಸಿದರು. ಕಾಗದದ ಪಟ್ಟಿಯ ಮೇಲೆ ರಕ್ತದ ದ್ರವವಿಟ್ಟು ವಿದ್ಯುತ್ ಹಾಯಿಸಿದರೆ ಲಿಪೋಪ್ರೋಟೀನ್‌ಗಳು ಬೇರೆ ಬೇರೆ ಪಟ್ಟೆಗಳಾಗುತ್ತವೆ. ಯಾವ ಪಟ್ಟೆ ದಪ್ಪ ಅಂತ ನೋಡಿ ಬಗೆ ಹೇಳಬಹುದಿತ್ತು. ಹಾಗೆ ಕುಟುಂಬ ಕುಟುಂಬಗಳನ್ನೇ ಪರೀಕ್ಷಿಸಲು ಸಾಧ್ಯವಾಯಿತು. ಜಗತ್ತಿನ ಆಸ್ಪತ್ರೆಗಳು ಈ ಪಟ್ಟಿಯನ್ನು ಒಪ್ಪಿಕೊಂಡವು.

ಆದರೆ ಪಟ್ಟೆಗಳು ತೋರಿಸುವುದು ಲಕ್ಷಣವನ್ನು. ಒಂದೇ ಲಕ್ಷಣಕ್ಕೆ ಹಲವು ಕಾರಣ ಇರಬಹುದು ಅಂತ ಫ್ರೆಡ್ರಿಕ್ಸನ್ ತಂಡಕ್ಕೂ ಗೊತ್ತಿತ್ತು. ಕಾರಣ ಹುಡುಕಿದ್ದು ಮುಂದಿನ ತಲೆಮಾರು. ಅವರ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಯುವ ವೈದ್ಯ ಜೋಸೆಫ್ ಗೋಲ್ಡ್‌ಸ್ಟೀನ್, ವಿಪರೀತ ಎಲ್‌ಡಿಎಲ್ ಜೊತೆ ಹುಟ್ಟಿದ ಮಕ್ಕಳನ್ನು ಅಲ್ಲೇ ಕಂಡರು. ಮುಂದೆ ಡಲ್ಲಾಸ್‌ನಲ್ಲಿ ಮೈಕಲ್ ಬ್ರೌನ್ ಜೊತೆ ಎಲ್‌ಡಿಎಲ್ ರಿಸೆಪ್ಟರ್ ಕಂಡುಹಿಡಿದು 1985ರ ನೊಬೆಲ್ ಪಡೆದರು. ಕಾರಣಗಳು ತಿಳಿದಂತೆ 5 ಬಗೆಗಳ ಪಟ್ಟಿ ಹಿಂದೆ ಸರಿಯಿತು.

ಫ್ರೆಡ್ರಿಕ್ಸನ್ 1975ರಿಂದ 1981ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿದ್ದರು. ಡಿಎನ್‌ಎ ಕತ್ತರಿಸಿ ಜೋಡಿಸುವ ಪ್ರಯೋಗಗಳಿಗೆ 1976ರಲ್ಲಿ ಸುರಕ್ಷತೆಯ ನಿಯಮಗಳನ್ನು ಹೊರಡಿಸಿದ್ದು ಅವರ ಕಾಲದಲ್ಲೇ. 2002ರಲ್ಲಿ ತೀರಿಕೊಂಡರು.

ಈಗ ಮತ್ತೆ ಆ ರಿಪೋರ್ಟಿಗೆ ಬರೋಣ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಸೂತ್ರ ನಂಬಬೇಡಿ. ಇದು ಅದನ್ನು ಕೊಟ್ಟವರೇ ಹಾಕಿದ ಗಡಿ. ಎಲ್‌ಡಿಎಲ್ 190 ದಾಟಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ, ವೈದ್ಯರನ್ನು ಕೇಳಿ. ಸುಮಾರು 300 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚಿರುತ್ತದೆ, ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನೋವಿಲ್ಲ, ಲಕ್ಷಣವೂ ಕಾಣದೇ ಇರಬಹುದು. ಔಷಧಿ ಮಾತ್ರ ಇದೆ. ಹಾಗಾಗಿ ಅಪ್ಪನ ರಿಪೋರ್ಟ್ ನೋಡಿ ಸುಮ್ಮನಾಗಬೇಡಿ. ಇಪ್ಪತ್ತರ ವಯಸ್ಸು ಅಂತ ಬೀಗುವ ನಾವೂ ಒಮ್ಮೆ ರಕ್ತ ಕೊಟ್ಟು ಬರೋಣ.